ಪಾಸ್‌ವರ್ಡ್ ಹಂಚದೆ ಸರ್ವರಿನ ಹೊಣೆ ಹಂಚುವುದು ಹೇಗೆ?

ಸ್ವಯಂಸೇವಕರು ನಡೆಸುವ ಪರೀಕ್ಷಾ ಸರ್ವರಿಗೆ (ಬದಲಾವಣೆಗಳನ್ನು ಮೊದಲು ಪ್ರಯೋಗಿಸಿ ನೋಡುವ ಟೆಸ್ಟ್ ಸರ್ವರ್) ಎರಡನೆಯ ಅಡ್ಮಿನ್ ಬೇಕಾದಾಗ ಎಷ್ಟೋ ತಂಡಗಳು ರೂಟ್ (ಸರ್ವರಿನಲ್ಲಿ ಏನನ್ನೂ ಮಾಡಬಲ್ಲ ಮುಖ್ಯ ಖಾತೆ) ಪಾಸ್‌ವರ್ಡನ್ನು ಗುಂಪಿನ ಚಾಟ್‌ಗೆ ಹಾಕಿ ಕೆಲಸ ಮುಗಿಯಿತೆಂದುಕೊಳ್ಳುತ್ತವೆ. ಮುಂದೊಂದು ದಿನ ಡೇಟಾಬೇಸ್ ಅಳಿಸಿಹೋದರೆ, ಅಳಿಸಿದವರು ಯಾರೆಂದು ಲಾಗ್ ನೋಡಿ ತಿಳಿಯಲಾಗುವುದಿಲ್ಲ. ಅಲ್ಲಿ ಎಲ್ಲರ ಹೆಸರೂ ರೂಟ್ ಎಂದೇ ಇರುತ್ತದೆ. ಪರೀಕ್ಷಾ ಸರ್ವರ್ ತಾನೇ ಎಂದು ಸುಮ್ಮನಾಗುವುದೂ ಸರಿಯಲ್ಲ, ಏಕೆಂದರೆ ಮುಖ್ಯ ಸರ್ವರಿನ ಡೇಟಾಬೇಸಿನ ಪ್ರತಿಯನ್ನೇ ಅಲ್ಲಿಗೆ ತಂದಿಟ್ಟಿದ್ದರೆ ಸದಸ್ಯರ ಇಮೇಲ್ ವಿಳಾಸಗಳೂ ಅದರೊಂದಿಗೆ ಬಂದಿರುತ್ತವೆ. ಕೆಳಗಿನ ಕ್ರಮ ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳಿರುವ ಸರ್ವರುಗಳಿಗೆ ಹೊಂದುತ್ತದೆ.

ಮೊದಲು ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಖಾತೆ ತೆರೆಯಿರಿ. ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಕೀಯನ್ನು, ಅಂದರೆ ಪಾಸ್‌ವರ್ಡ್ ಬದಲು ಬಳಸುವ ಕೀ ಜೋಡಿಯನ್ನು, ಅವರವರ ಕಂಪ್ಯೂಟರಿನಲ್ಲೇ ತಯಾರಿಸಿಕೊಂಡು ಅದರಲ್ಲಿನ ಪಬ್ಲಿಕ್ ಕೀಯನ್ನು ಮಾತ್ರ ನಿಮಗೆ ಕಳುಹಿಸಲಿ; ಅದನ್ನು ಅವರ ಖಾತೆಗೆ ಸೇರಿಸಿ.

ಎರಡನೆಯದು ಸುಡೊ ಅಧಿಕಾರ, ಅಂದರೆ ತಮ್ಮ ಖಾತೆಯಿಂದಲೇ ರೂಟ್ ಆಗಿ ಕಮಾಂಡ್ ಚಲಾಯಿಸುವ ಅನುಮತಿ. ಪೂರ್ಣ ಅಧಿಕಾರ ಮೂವರಿಗೆ ಸಾಕು, ಅದಕ್ಕಿಂತ ಹೆಚ್ಚು ಬೇಡ. ಸರ್ವಿಸ್ ರೀಸ್ಟಾರ್ಟ್ ಮಾಡುವುದಷ್ಟೇ ಬೇಕಿರುವವರಿಗೆ ಆ ಒಂದು ಕಮಾಂಡಿಗೆ ಮಾತ್ರ ಅನುಮತಿ ಬರೆಯಿರಿ, ಅದನ್ನೂ ವಿಸುಡೊ (ಸುಡೊ ನಿಯಮಗಳನ್ನು ತಿದ್ದುವ ಕಮಾಂಡ್) ಮೂಲಕವೇ ಬರೆಯಿರಿ. ಬರವಣಿಗೆಯಲ್ಲಿ ತಪ್ಪಿದ್ದರೆ ಅದು ಉಳಿಸುವ ಮುನ್ನವೇ ಎಚ್ಚರಿಸುತ್ತದೆ. ಸುಡೊ ಬದಲು ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ನಡೆಸುವ ತಂತ್ರಾಂಶ) ಗುಂಪಿಗೆ ಸೇರಿಸುವ ಅಡ್ಡದಾರಿಯನ್ನು ಹಲವರು ಹಿಡಿಯುತ್ತಾರೆ. ಆ ಗುಂಪಿನಲ್ಲಿರುವವರು ಇಡೀ ಡಿಸ್ಕನ್ನು ಕಂಟೇನರಿನೊಳಗೆ ತೆರೆದು ರೂಟ್ ಆಗಬಲ್ಲರಾದ್ದರಿಂದ ಅದು ಸಣ್ಣ ಅಧಿಕಾರವಲ್ಲ. ಖಾತೆಗಳನ್ನು ಬದಲಿಸುವ ಯೂಸರ್‌ಮಾಡ್ ಕಮಾಂಡ್ ಬಳಸಿ ಗುಂಪಿಗೆ ಸೇರಿಸುವಾಗ 'ಎ' ಆಯ್ಕೆಯನ್ನು ಬಿಟ್ಟರೆ ಆ ವ್ಯಕ್ತಿ ತಾನಿದ್ದ ಉಳಿದ ಗುಂಪುಗಳಿಂದ ಹೊರಬೀಳುತ್ತಾರೆ.

ಇನ್ನು ರೂಟ್ ಲಾಗಿನ್ ಮತ್ತು ಪಾಸ್‌ವರ್ಡ್ ಲಾಗಿನ್ ಎರಡನ್ನೂ ಮುಚ್ಚಬೇಕು. ಜನ ಎಡವುವುದು ಇಲ್ಲೇ. ನಮ್ಮ ತಂಡವೂ ಒಮ್ಮೆ ಹೀಗೆ ಬಾಗಿಲು ಹಾಕಿಕೊಂಡು ಸರ್ವರಿನ ಹೊರಗೇ ಉಳಿದಿತ್ತು. ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯ ಕನ್ಸೋಲ್ (ಎಸ್‌ಎಸ್‌ಎಚ್ ಇಲ್ಲದೆಯೂ ಸರ್ವರನ್ನು ತಲುಪುವ ವೆಬ್ ಪುಟ) ಮೂಲಕ ಒಳಹೋಗೋಣವೆಂದರೆ ಆ ಖಾತೆ ತಂಡ ಬಿಟ್ಟುಹೋದವರೊಬ್ಬರ ಇಮೇಲಿನಲ್ಲಿತ್ತು. ಆದ್ದರಿಂದ ಕನ್ಸೋಲಿಗೆ ಕನಿಷ್ಠ ಇಬ್ಬರು ಲಾಗಿನ್ ಆಗಬಲ್ಲರೆಂದು ಖಚಿತಪಡಿಸಿಕೊಂಡ ಮೇಲೆಯೇ ಈ ಹಂತಕ್ಕೆ ಕೈಹಾಕಿ. ನಿಮ್ಮ ಈಗಿನ ಸಂಪರ್ಕವನ್ನು ತೆರೆದೇ ಇಟ್ಟುಕೊಂಡು, ಪ್ರತಿ ಅಡ್ಮಿನ್ ತಮ್ಮ ಕೀಯಿಂದ ಒಳಬಂದು ಸುಡೊ ಚಲಾಯಿಸಿ ತೋರಿಸುವವರೆಗೆ ಕಾಯಿರಿ; ಕೀ ಒಪ್ಪದಿದ್ದರೆ ಅವರ ಖಾತೆಯ ಎಸ್‌ಎಸ್‌ಎಚ್ ಫೋಲ್ಡರಿನ (.ssh) ಅನುಮತಿ 700, ಅದರೊಳಗಿನ ಕೀ ಫೈಲಿನ ಅನುಮತಿ 600 ಇದೆಯೇ ಎಂದು ನೋಡಿ. ಅನಂತರ ಎಸ್‌ಎಸ್‌ಎಚ್ ಸೆಟ್ಟಿಂಗ್‌ಗಳ ಉಪಫೋಲ್ಡರಿನಲ್ಲಿ (sshd_config.d) ಹೆಸರು 00ರಿಂದ ಶುರುವಾಗುವ ಫೈಲೊಂದನ್ನು ಮಾಡಿ ಎರಡೂ ನಿಷೇಧಗಳನ್ನು ಅದರಲ್ಲಿ ಬರೆಯಿರಿ. ಫೈಲುಗಳನ್ನು ಹೆಸರಿನ ಕ್ರಮದಲ್ಲಿ ಓದಿ, ಮೊದಲು ಸಿಕ್ಕ ಮೌಲ್ಯವನ್ನೇ ಎಸ್‌ಎಸ್‌ಎಚ್ ಹಿಡಿಯುತ್ತದೆ. ಕ್ಲೌಡ್ ಸರ್ವರುಗಳಲ್ಲಿ 50ರಿಂದ ಆರಂಭವಾಗುವ ಫೈಲೊಂದು ಪಾಸ್‌ವರ್ಡ್ ಲಾಗಿನ್ನಿಗೆ ಮೊದಲೇ ಅನುಮತಿ ಕೊಟ್ಟಿರುವುದುಂಟು, ಅಂಥಲ್ಲಿ ನಿಮ್ಮ ಫೈಲಿನ ಹೆಸರು 99 ಎಂದಿದ್ದರೆ ಬರೆದದ್ದೆಲ್ಲ ವ್ಯರ್ಥ. ಸರ್ವರಿನಲ್ಲಿ ಎಸ್‌ಎಸ್‌ಎಚ್ ನಡೆಸುವ ಎಸ್‌ಎಸ್‌ಎಚ್‌ಡಿ ಕಮಾಂಡಿಗೆ ಸಣ್ಣ 'ಟಿ' ಕೊಟ್ಟು ತಪ್ಪುಗಳಿವೆಯೇ ಎಂದೂ ದೊಡ್ಡ 'ಟಿ' ಕೊಟ್ಟು ಜಾರಿಗೆ ಬರಲಿರುವ ಮೌಲ್ಯಗಳೇನೆಂದೂ ನೋಡಿಕೊಂಡು ಎಸ್‌ಎಸ್‌ಎಚ್ ಅನ್ನು ರೀಲೋಡ್ ಮಾಡಿ. ಹೊಸ ಟರ್ಮಿನಲ್‌ನಿಂದ ಮತ್ತೊಮ್ಮೆ ಲಾಗಿನ್ ಆಗಿ ನೋಡುವವರೆಗೆ ಹಳೆಯ ಸಂಪರ್ಕವನ್ನು ಮುಚ್ಚಲೇಬೇಡಿ.

ಕೊನೆಯದು ತಂಡ ಬಿಟ್ಟವರ ಖಾತೆ. ಪಾಸ್‌ವರ್ಡ್ ಲಾಕ್ ಮಾಡಿದರೆ ಸಾಲದು, ಕೀ ಮೂಲಕ ಅವರು ಒಳಬರುತ್ತಲೇ ಇರಬಹುದು. ಖಾತೆಯ ಅವಧಿಯನ್ನೇ ಮುಗಿಸಿ, ಕೀಯನ್ನು ಅಳಿಸಿ, ತೆರೆದಿರುವ ಸಂಪರ್ಕಗಳನ್ನು ಕಡಿಯಿರಿ. ಅವರ ಹೆಸರಿನ ಕ್ರಾನ್ ಕೆಲಸಗಳನ್ನು (ನಿಗದಿತ ಸಮಯಕ್ಕೆ ತಾನಾಗಿ ನಡೆಯುವ ಕೆಲಸಗಳು) ಮಾತ್ರ ಓದದೆ ಅಳಿಸಬೇಡಿ: ರಾತ್ರಿಯ ಬ್ಯಾಕಪ್ ಅಲ್ಲಿಂದಲೇ ನಡೆಯುತ್ತಿರಬಹುದು, ಹಾಗಿದ್ದರೆ ಅದನ್ನು ಮೊದಲು ಇನ್ನೊಂದು ಖಾತೆಗೆ ವರ್ಗಾಯಿಸಿ.