ನಿರಾಶ್ರಿತ ಕುಟುಂಬದೊಂದಿಗೆ ಹನ್ನೆರಡು ತಿಂಗಳು: ನಮ್ಮ ಚರ್ಚ್ ಸಭೆ ಈ ಕೆಲಸ ನಡೆಸುವ ಬಗೆ

ಕೆನಡಾದಲ್ಲಿ ನಿರಾಶ್ರಿತರನ್ನು ಕರೆಸಿಕೊಂಡು ನೆಲೆಗೊಳಿಸುವ ಹೊಣೆಯನ್ನು ಸರ್ಕಾರದ ಜೊತೆಗೆ ಸಾಮಾನ್ಯ ಜನರೂ ಹೊರಬಹುದು. 1979ರಲ್ಲಿ ಮೆನೊನೈಟ್ ಸೆಂಟ್ರಲ್ ಕಮಿಟಿ ಎಂಬ ಕ್ರೈಸ್ತ ನೆರವು ಸಂಸ್ಥೆ ಸರ್ಕಾರದೊಂದಿಗೆ ಇಂಥ ಮೊದಲ ಒಪ್ಪಂದ ಮಾಡಿಕೊಂಡಿತು. ಆಮೇಲೆ ಎಷ್ಟೋ ಚರ್ಚುಗಳು ಈ ಕೆಲಸಕ್ಕೆ ಕೈಹಾಕಿವೆ. ಒಂಟಾರಿಯೊದಲ್ಲಿರುವ ನಮ್ಮ ಸಭೆ ದೊಡ್ಡ ಕ್ರೈಸ್ತ ಪಂಗಡವೊಂದು ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಡಿ ಕುಟುಂಬಗಳನ್ನು ಸ್ಪಾನ್ಸರ್ ಮಾಡುತ್ತದೆ, ಅಂದರೆ ಒಂದು ವರ್ಷ ಅವರ ಖರ್ಚಿನ, ನೆಲೆಗೊಳಿಸುವ ಹೊಣೆ ಹೊರುತ್ತದೆ. ಉಡುಪಿ, ಮಂಗಳೂರು ಕಡೆಯವರೂ ಸಭೆಯಲ್ಲಿದ್ದೇವೆ. ಆದರೆ ನಾವು ಓದಿನ, ನೌಕರಿಯ ಬಲದ ಮೇಲೆ ಬಂದವರು. ಈ ನಿರಾಶ್ರಿತರು ಜೀವ ಉಳಿಸಿಕೊಳ್ಳಲು ಬಂದವರು. "ನಾವೂ ಕಷ್ಟಪಟ್ಟೇ ಮೇಲೆ ಬಂದೆವು" ಎನ್ನುವ ಮಾತನ್ನು ಈ ಕೆಲಸ ನೋಡಿಕೊಳ್ಳುವ ಸಮಿತಿ ಮೊದಲ ಸಲ ಸೇರಿದಾಗಲೇ ಬದಿಗಿಡಬೇಕು.

ಹೊಲದ ಅಂಚಿನ ಪೈರನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಬೈಬಲಿನ ಯಾಜಕಕಾಂಡ 19ರಲ್ಲಿದೆ. ಪರದೇಶಿಯಾದ ಮೋವಾಬಿನ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದು ಈ ಕಟ್ಟಳೆಯಿಂದಲೇ. ಒಡೆಯ ತೆನೆ ಬಿಡುತ್ತಾನೆ. ಆಯುವುದು, ಬಡಿಯುವುದು, ಮನೆಗೆ ಒಯ್ಯುವುದು ಅವಳ ಕೈಯಲ್ಲಿದೆ. ನಮ್ಮ ಹಣದ ವ್ಯವಸ್ಥೆಗೆ ಇದೇ ಆಧಾರ.

ಒಂದು ವರ್ಷದ ಪೂರ್ತಿ ಹಣ ಕುಟುಂಬ ವಿಮಾನ ಹತ್ತುವ ಮೊದಲೇ ಪ್ರತ್ಯೇಕ ಖಾತೆಯಲ್ಲಿರಬೇಕು. ಮುಂದಿನ ತಿಂಗಳುಗಳ ಕಾಣಿಕೆಯನ್ನು ನಂಬಿ ಹೊರಟರೆ ಏಳೆಂಟು ತಿಂಗಳಾಗುವಷ್ಟರಲ್ಲಿ ಉತ್ಸಾಹವೂ ಹಣವೂ ಬತ್ತುತ್ತವೆ. ತಿಂಗಳ ಮೊತ್ತ ಪ್ರಾಂತ್ಯದ ಸಾಮಾಜಿಕ ನೆರವಿಗಿಂತ ಕಡಿಮೆಯಾಗಬಾರದು. ಅದು ಗಂಡ ಹೆಂಡತಿ ಇಬ್ಬರ ಹೆಸರಿನ ಖಾತೆಗೇ ಹೋಗುತ್ತದೆ, ಬಾಡಿಗೆ, ದಿನಸಿ ಎಲ್ಲ ಅವರೇ ಕಟ್ಟುತ್ತಾರೆ. ನಾವು ಕೊಟ್ಟದ್ದಕ್ಕೆ ದಾಖಲೆ ಇಡುತ್ತೇವೆ; ಅವರು ಖರ್ಚು ಮಾಡಿದ್ದಕ್ಕೆ ರಸೀದಿ ಕೇಳುವುದಿಲ್ಲ. ಬಂದವರಿಂದಾಗಲಿ ಬರುವವರಿಂದಾಗಲಿ ಸ್ಪಾನ್ಸರ್ ಮಾಡಿದ್ದಕ್ಕೆ ಹಣ ಪಡೆಯುವುದು ನಿಯಮಕ್ಕೆ ವಿರುದ್ಧ. ಇಲ್ಲೇ ಇರುವ ನೆಂಟರು "ಹೆಸರು ನಿಮ್ಮದಿರಲಿ, ಖರ್ಚು ನಮ್ಮದು" ಎಂದು ಬರುವುದುಂಟು. ಅವರ ಕೈಲಾಗದಿದ್ದಾಗ ಕಾನೂನಿನ ಹೊಣೆ ಸಭೆಯ ಮೇಲೇ ಬೀಳುತ್ತದೆ, ಹಾಗಾಗಿ ಹಣ ನಮ್ಮಲ್ಲಿ ಇಲ್ಲದೆ ಅರ್ಜಿಗೆ ಸಹಿ ಹಾಕುವುದಿಲ್ಲ.

ಹೆಚ್ಚು ಎಡವುವುದು ಮನೆಯ ವಿಷಯದಲ್ಲಿ. ಬರುವ ದಿನಾಂಕ ಕೊನೆಯ ಗಳಿಗೆಯಲ್ಲೂ ಬದಲಾಗುತ್ತದೆ, ಖಾಲಿ ಮನೆಗೆ ಬಾಡಿಗೆ ಹರಿದುಹೋಗುತ್ತದೆ. ಮೊದಲ ಕೆಲವು ವಾರ ಸದಸ್ಯರೊಬ್ಬರ ಮನೆಯ ಬೇಸ್‌ಮೆಂಟ್ ಸಾಕು. ಆಮೇಲೆ ಕುಟುಂಬವೇ ನೋಡಿ ಆರಿಸಲಿ. ಒಂಟಾರಿಯೊದಲ್ಲಿ ಮೊದಲ ಮತ್ತು ಕೊನೆಯ ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುತ್ತಾರೆ. ಕ್ರೆಡಿಟ್ ಇತಿಹಾಸ ಇಲ್ಲದವರಿಗೆ ಸದಸ್ಯರೊಬ್ಬರು ಜಾಮೀನು ನಿಲ್ಲಬೇಕಾಗುತ್ತದೆ. ಸಭೆ ಹಣ ಕೊಡುವ ಹನ್ನೆರಡು ತಿಂಗಳಿಗೆ ಹೊಂದುವ ಮನೆ ಹಿಡಿದರೆ ಹದಿಮೂರನೆಯ ತಿಂಗಳು ಅವರು ಬೀದಿಪಾಲಾಗುವ ಭಯ. ಅವರ ಸ್ವಂತ ದುಡಿಮೆಗೆ ನಿಲುಕುವ ಬಾಡಿಗೆ ಎಷ್ಟೆಂದು ಲೆಕ್ಕ ಹಾಕಿಯೇ ಹುಡುಕಬೇಕು. ಬಳಸಿದ ಹಾಸಿಗೆ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ, ತಿಗಣೆ ಬಂದರೆ ಇಡೀ ಮನೆ ಖಾಲಿ ಮಾಡಬೇಕಾದೀತು.

ಮೊದಲ ವಾರದಲ್ಲೇ ಸೋಷಿಯಲ್ ಇನ್ಶೂರೆನ್ಸ್ ಸಂಖ್ಯೆ, ಪ್ರಾಂತ್ಯದ ಆರೋಗ್ಯ ಕಾರ್ಡ್, ಬ್ಯಾಂಕ್ ಖಾತೆ, ಮಕ್ಕಳ ಭತ್ಯೆಯ ಅರ್ಜಿ. ಸಾಲಿಗೆ ನಿಲ್ಲುವ ಮೊದಲು ಎಲ್ಲ ಕಾಗದಗಳಲ್ಲಿ ಹೆಸರಿನ ಅಕ್ಷರಗಳನ್ನು ಹೋಲಿಸಿ ನೋಡಿ. ಒಂದೇ ಹೆಸರಿರುವವರದು ಕುಟುಂಬನಾಮದ ಜಾಗದಲ್ಲಿ ಬಿದ್ದಿರುತ್ತದೆ, ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಜನವರಿ 1 ಎಂದು ಬರೆದಿರುತ್ತಾರೆ. ಒಂದು ಕಡೆ ವ್ಯತ್ಯಾಸವಾದರೆ ಉಳಿದೆಲ್ಲ ಕಡೆ ತಡೆಯುತ್ತದೆ. ಔಷಧಿ, ಹಲ್ಲು, ಕನ್ನಡಕದ ಕೆಲವು ಖರ್ಚು ನಿರಾಶ್ರಿತರಿಗಾಗಿ ಕೇಂದ್ರ ಸರ್ಕಾರ ನಡೆಸುವ ತಾತ್ಕಾಲಿಕ ಆರೋಗ್ಯ ಯೋಜನೆಯಾದ ಇಂಟೆರಿಮ್ ಫೆಡರಲ್ ಹೆಲ್ತ್ ಪ್ರೋಗ್ರಾಮ್‌ನಿಂದ ಸಿಗುತ್ತದೆ, ಆದರೆ ಎಲ್ಲ ದಂತವೈದ್ಯರೂ ಅದನ್ನು ಒಪ್ಪುವುದಿಲ್ಲ. ಫೋನಿನಲ್ಲಿ ಕೇಳಿಕೊಂಡೇ ಹೋಗಿ. ವೈದ್ಯರ ಬಳಿ ಮಕ್ಕಳನ್ನು ದುಭಾಷಿಯಾಗಿ ಕೂರಿಸಬೇಡಿ. ತಾಯಿಯ ನೋವನ್ನು, ಸೆರೆಯಲ್ಲಿ ತಂದೆ ಅನುಭವಿಸಿದ್ದನ್ನು ಹತ್ತು ವರ್ಷದ ಮಗು ಬಾಯಿಬಿಟ್ಟು ಹೇಳುವಂತಾಗಬಾರದು.

ಆರಾಧನೆಗೆ ಬರಬೇಕೆಂಬ ಷರತ್ತು, ಸೂಚನೆಯ ರೂಪದಲ್ಲೂ, ಬೇಡವೇ ಬೇಡ. ಬೈಬಲಿನ ಮತ್ತಾಯ 25ರಲ್ಲಿ ಪರದೇಶಿಯನ್ನು ಸೇರಿಸಿಕೊಂಡವರು ಅವನ ನಂಬಿಕೆ ಯಾವುದೆಂದು ವಿಚಾರಿಸಲಿಲ್ಲ. ತಾವಾಗಿ ಬಂದರೂ ವೇದಿಕೆಗೆ ಕರೆದು ತಮ್ಮ ಬದುಕಿನ ಅನುಭವದ ಸಾಕ್ಷಿ ಹೇಳಿಸುವುದು, ಕಾಣಿಕೆ ಸಂಗ್ರಹಕ್ಕೆ ಅವರ ಫೋಟೋ ಹಾಕುವುದು ಕೂಡದು. ತಾಯ್ನಾಡಿನಲ್ಲಿ ಉಳಿದ ಬಂಧುಗಳಿಗೆ ಅದರಿಂದ ನಿಜವಾದ ಅಪಾಯವಿದೆ. ಮುಸ್ಲಿಂ ಕುಟುಂಬವಾದರೆ ಹತ್ತಿರದ ಮಸೀದಿ, ಹಲಾಲ್ ಅಂಗಡಿಗಳ ವಿಳಾಸವನ್ನು ಮೊದಲ ದಿನವೇ ಕೊಡುತ್ತೇವೆ.

ಒಂಬತ್ತನೆಯ ತಿಂಗಳಿಗೆ ಕುಟುಂಬದೊಂದಿಗೆ ಕೂತು, ದುಭಾಷಿಯ ಸಹಾಯದಿಂದ, ಮುಂದಿನ ವರ್ಷದ ಆಯವ್ಯಯ ಬರೆಯಬೇಕು. ವಿಮಾನದ ಟಿಕೆಟ್‌ಗೆ ಸರ್ಕಾರ ಕೊಟ್ಟ ಸಾಲಕ್ಕೆ ಬಡ್ಡಿ ಇಲ್ಲ, ಆದರೆ ವರ್ಷವಾದ ಮೇಲೆ ಕಂತು ಕಟ್ಟಲು ಪತ್ರ ಬರುತ್ತದೆ. ಮೊದಲೇ ಹೇಳಿರದಿದ್ದರೆ ಆ ಪತ್ರ ನೋಡಿ ಗಾಬರಿಯಾಗುತ್ತಾರೆ. ಕೆಲಸ ಸಿಗದಿದ್ದರೆ ಹದಿಮೂರನೆಯ ತಿಂಗಳಿನಿಂದ ಸಾಮಾಜಿಕ ನೆರವಿಗೆ ಅರ್ಜಿ ಹಾಕುವುದು ಅವರ ಹಕ್ಕು. ಆ ಅರ್ಜಿ ತುಂಬಲು, ಭಾಷಾ ತರಗತಿ ಮುಂದುವರಿಸಲು ಸಭೆಯ ಒಬ್ಬರಾದರೂ ಜೊತೆಗಿರುವಂತೆ ಮೊದಲೇ ಹೆಸರು ಗೊತ್ತುಮಾಡಿಕೊಳ್ಳಿ.