ಗಾಳಿಗೆ ಬಿದ್ದ ಒಬೆರೋನಿಯಾವನ್ನು ಮತ್ತೆ ಮರಕ್ಕೆ ಕಟ್ಟುವುದು

ಆರಿದ್ರಾ ಮಳೆಯ ಗಾಳಿ ಹೊಡೆದ ಮರುದಿನ ಬೆಳಿಗ್ಗೆ ನಾನು ಮೊದಲು ಹೋಗುವುದು ಹಿತ್ತಲ ಹಲಸಿನ ಮರದ ಬುಡಕ್ಕೆ. ಮುರಿದು ಬಿದ್ದ ಕೊಂಬೆಯ ಮೇಲೆ ಪುಟ್ಟ ಬೀಸಣಿಗೆ ಬಿಚ್ಚಿಟ್ಟ ಹಾಗೆ ಚಪ್ಪಟೆ ಎಲೆಯ ಗಿಡ ಕಂಡರೆ ಅದು ಒಬೆರೋನಿಯಾ. ನಮ್ಮ ಸೀತಾಳೆ ದಂಡೆಯ ಹಾಗೆ ಇದೂ ಆರ್ಕಿಡ್ಡೇ. ಆದರೆ ಹೂಗೊಂಚಲು ಹಲ್ಲಿಯ ಬಾಲದಷ್ಟು. ಅದರ ತುಂಬ ಸಾಸಿವೆ ಕಾಳಿನಷ್ಟು ಹೂವುಗಳು, ನೂರಾರು. ಲೆನ್ಸ್ ಹಿಡಿದು ನೋಡಿ, ಒಂದೊಂದಕ್ಕೂ ಎಸಳು, ತುಟಿ ಎಲ್ಲಾ ಇದೆ!

ನಮ್ಮ ತೀರ್ಥಹಳ್ಳಿ ಕಡೆ ಇದನ್ನೂ ಬಂದಳಿಕೆ ಅಂತ ಕತ್ತಿಯಲ್ಲಿ ಹೆರೆದು ಹಾಕುವವರಿದ್ದಾರೆ. ಹಿಂದೆ ನಮ್ಮ ಮಾವಿನ ಮರದಲ್ಲೂ ಹಾಗೇ ಆಯಿತು, ಇವತ್ತಿಗೂ ನನಗೆ ಸಂಕಟ. ಬಂದಳಿಕೆ ಮರದೊಳಗೆ ಬೇರಿಳಿಸಿ ಅದರ ನೀರು ಹೀರುತ್ತದೆ. ಒಬೆರೋನಿಯಾ ತೊಗಟೆಯನ್ನು ಸುಮ್ನೆ ಹಿಡಿದುಕೊಂಡಿರುತ್ತದೆ, ಅಷ್ಟೇ. ಅದಕ್ಕೆ ಬೇಕಾದ್ದು ಮಳೆ, ಮಂಜು, ಗಾಳಿ.

ಬಿದ್ದ ಗಿಡವನ್ನು ತೊಗಟೆಯಿಂದ ಕೀಳಬೇಡಿ, ಬೇರು ಹರಿಯುತ್ತದೆ. ತೊಗಟೆ ಸಮೇತ ಚಕ್ಕೆ ಎಬ್ಬಿಸಿ. ಅದನ್ನು ಹಲಸು ಅಥವಾ ಮಾವಿನ ಒರಟು ಕೊಂಬೆಗೆ, ಎಳೆಬಿಸಿಲು ಬೀಳುವ ಕಡೆ ಇಟ್ಟು ಬಾಳೆಪಟ್ಟೆಯಿಂದ ಕಟ್ಟಿ. ಎಲೆ ಕೆಳಗೆ ಜೋತುಬಿದ್ದಿದ್ದರೆ ಹಾಗೇ ಜೋತುಬಿಡಿ. ಬೇರು ಹಿಡಿಯುವಷ್ಟರಲ್ಲಿ ಬಾಳೆಪಟ್ಟೆ ತಾನೇ ಕೊಳೆತು ಉದುರುತ್ತದೆ. ನೈಲಾನ್ ದಾರ ಹಾಗಲ್ಲ, ಗಿಡವನ್ನೇ ಕೊಯ್ಯುತ್ತದೆ. ಮಣ್ಣು, ಗೊಬ್ಬರ ಯಾವುದೂ ಬೇಡ. ಹಾವಸೆ ಜಾಸ್ತಿ ಮೆತ್ತಿದರೂ ಬುಡ ಕೊಳೆಯುತ್ತದೆ.

ಪೇರಳೆ ಮರ ಬೇಡ, ಅದು ಸಿಪ್ಪೆ ಸುಲಿಯುತ್ತಲೇ ಇರುತ್ತದೆ. ಅಡಿಕೆ ಮರವಂತೂ ಬೇಡವೇ ಬೇಡ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ. ಮೈಲುತುತ್ತದಲ್ಲಿರುವ ತಾಮ್ರ ಎಷ್ಟೋ ಆರ್ಕಿಡ್‌ಗಳಿಗೆ ಆಗುವುದಿಲ್ಲ. ನಾನು ಔಷಧಿ ಹೊಡೆಯುವ ದಿನ ತೋಟದಂಚಿನ ಗಿಡಗಳಿಗೆ ಹಳೇ ಗೋಣಿ ಮುಚ್ಚುತ್ತೇನೆ.

ಕಾಡಿನ ಮರದಿಂದ ಮಾತ್ರ ಕಿತ್ತು ತರಬೇಡಿ. ಬಿದ್ದದ್ದೇ ಬೇಕಾದಷ್ಟು ಸಿಗುತ್ತದೆ, ಅಲ್ವಾ?

ಮಳೆಗಾಲದಲ್ಲಿ ಕಟ್ಟಿದರೆ ನೀರಿನ ಚಿಂತೆ ಇಲ್ಲ. ಮೊದಲ ಬೇಸಿಗೆಯಲ್ಲಿ ಬೆಳಿಗ್ಗೆ ಒಂದು ಚೊಂಬು ನೀರು ಚಿಮುಕಿಸಿ. ಒಣಗಿದಾಗ ಬೇರು ಬೆಳ್ಳಗೆ ಕಾಣುತ್ತದೆ, ಹೆದರಬೇಡಿ. ತುದಿ ನೋಡಿ. ಅಲ್ಲಿ ಹಸಿರು ಚುಕ್ಕೆ ಮೂಡಿ ಹೊಸ ತೊಗಟೆ ಕಡೆ ಬಾಗಿದ್ದರೆ ಗಿಡ ಹಿಡಿದುಕೊಂಡಿತು.