ಆಳ ಸಮುದ್ರದ ಸ್ಪಂಜಿನ ಸ್ಯಾಂಪಲ್ ಹಾಳಾಗದಂತೆ ಇಡುವುದು ಹೇಗೆ

ಸಮುದ್ರದ ತಳಕ್ಕೆ ಅಂಟಿಕೊಂಡು ಬದುಕುವ ಪ್ರಾಣಿಯಾದ ಸ್ಪಂಜಿನಲ್ಲಿ ಔಷಧಿ ಹುಡುಕಲು ಹೊರಟವರು ಮೊದಲು ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ನ್ಯೂಜಿಲೆಂಡಿನ ಕೈಕೋರಾ ತೀರದಾಚೆ, ಸುಮಾರು 100 ಮೀಟರ್ ಆಳದಿಂದ, ಲಿಸೊಡೆಂಡೋರಿಕ್ಸ್ ಅನ್ನೋ ಸ್ಪಂಜನ್ನು ಒಂದು ಟನ್ ಎತ್ತಿದ್ದರು. ಅದರಲ್ಲಿ ಸಿಕ್ಕ ಹ್ಯಾಲಿಕಾಂಡ್ರಿನ್ ಬಿ, ಅಂದ್ರೆ ಕ್ಯಾನ್ಸರ್ ಕೋಶ ಕೊಲ್ಲುವ ಅಣು, ಸುಮಾರು 300 ಮಿಲಿಗ್ರಾಂ. ಚಿಟಿಕೆ ಉಪ್ಪಿನಷ್ಟು, ಅಷ್ಟೇ! ಕೊನೆಗೆ ದಾರಿ ತೋರಿಸಿದ್ದು ರಸಾಯನಶಾಸ್ತ್ರ. 1992ರಲ್ಲಿ ಹಾರ್ವರ್ಡ್‌ನ ಯೋಶಿಟೊ ಕಿಶಿ ತಂಡ ಆ ಅಣುವನ್ನು ಲ್ಯಾಬಿನಲ್ಲೇ ಕಟ್ಟಿತು, ಅದರ ಸರಳ ರೂಪವಾದ ಎರಿಬುಲಿನ್‌ಗೆ 2010ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು.

ಹಾಗಾಗಿ ರಾಶಿ ಕಿತ್ತು ತರಬೇಡಿ. ಪರವಾನಗಿ ಪಡೆದು, ಮುಷ್ಟಿಯಷ್ಟು ತುಂಡು ತೆಗೆದರೆ ಮೊದಲ ಪರೀಕ್ಷೆಗೆ ಸಾಕು. ಬುಡ ಬಂಡೆಯಲ್ಲೇ ಇರಲಿ, ಎಷ್ಟೋ ಜಾತಿಗಳು ಅಲ್ಲಿಂದಲೇ ಮತ್ತೆ ಬೆಳೆಯುತ್ತವೆ.

ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಮೈಯೆಲ್ಲ ಗಾಜಿನಂಥ ಸಣ್ಣ ಸೂಜಿಗಳು, ಚುಚ್ಚಿದರೆ ಉರಿ ಬಿಡಲ್ಲ.

ಹಡಗಿನ ಮೇಲೆ ಬಂದ ಕೂಡಲೇ, ಬೇರೆ ಏನೂ ಮಾಡುವ ಮೊದಲು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ, ಯಾಕಂದ್ರೆ ಆಲ್ಕೋಹಾಲ್‌ಗೆ ಬಿದ್ದ ಮೇಲೆ ಬಣ್ಣ ಬಿಟ್ಟುಹೋಗುತ್ತದೆ. ಕತ್ತರಿಸಿದಾಗ ಒಳಗಿನ ಬಣ್ಣ, ವಾಸನೆ, ಲೋಳೆ ಎಲ್ಲ ಬರೆದಿಡಿ. ಅಂಟಿಕೊಂಡ ಹುಳು, ಚಿಪ್ಪು ತೆಗೆದು ಸಮುದ್ರದ ನೀರಲ್ಲೇ ತೊಳೆಯಿರಿ, ಸಿಹಿನೀರು ಬೇಡ.

ಈಗ ಮೂರು ಪಾಲು. ಒಂದು ಸಣ್ಣ ತುಂಡು 95% ಎಥನಾಲ್‌ಗೆ (ಆಲ್ಕೋಹಾಲ್), ಡಿಎನ್‌ಎ ನೋಡೋಕೆ. ಸ್ಪಂಜು ನೀರು ಹಿಡಿದುಕೊಂಡಿರುತ್ತದೆ ಅಲ್ವಾ, ಅದಕ್ಕೆ ಮರುದಿನ ಆ ಎಥನಾಲ್ ಚೆಲ್ಲಿ ಹೊಸದು ಹಾಕಿ. ಈ ತುಂಡನ್ನು ಕಡೆಗಣಿಸಬೇಡಿ: ಎಷ್ಟೋ ಸಲ ಔಷಧಿಯ ಗುಣವಿರುವ ಅಣುವನ್ನು ಮಾಡುವುದು ಸ್ಪಂಜಲ್ಲ, ಅದರೊಳಗಿನ ಬ್ಯಾಕ್ಟೀರಿಯಾ, ಅವುಗಳ ಡಿಎನ್‌ಎಯೂ ಈ ತುಂಡಿನಲ್ಲೇ ಇರುತ್ತದೆ. ಎರಡನೆಯದು ಜಾತಿ ಗುರುತಿಸಲು. ಅದರ ಒಂದು ಚೂರನ್ನು ಬ್ಲೀಚ್‌ನಲ್ಲಿ ಹಾಕಿದರೆ ಮಾಂಸ ಕರಗಿ ಸೂಜಿಗಳು ಮಾತ್ರ ಉಳಿಯುತ್ತವೆ, ಅವುಗಳ ಆಕಾರವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ ಸ್ಪಂಜು ಯಾವುದೆಂದು ಪತ್ತೆ ಹಚ್ಚುತ್ತಾರೆ. ಉಳಿದದ್ದೆಲ್ಲ ಔಷಧಿಯ ಅಣು ಹುಡುಕುವ ಪಾಲು, ಅದನ್ನು ಫಾಯಿಲ್ ಸುತ್ತಿ ನೇರವಾಗಿ ಫ್ರೀಜರ್‌ಗೆ. ಬಹಾಮಾಸ್‌ನ ಸ್ಪಂಜಿನಲ್ಲಿ ಸಿಕ್ಕ ಡಿಸ್ಕೋಡರ್ಮೋಲೈಡ್‌ನಂಥ ಅಣುಗಳಿಗೆ ಬೆಳಕು ಆಗಿಬರಲ್ಲ.

ಲೇಬಲ್ ಮಾತ್ರ ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಇಂಕು ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ. ದಪ್ಪ ಕಾಗದದ ಮೇಲೆ ತಾರೀಕು, ಆಳ, ಜಿಪಿಎಸ್ ಜಾಗ, ಸ್ಯಾಂಪಲ್ ನಂಬರ್ ಬರೆದು ಬಾಟಲಿಯ ಒಳಗೇ ಹಾಕಿ, ಹೊರಗೂ ಒಂದು ಅಂಟಿಸಿ. ಮೂರೂ ಪಾಲಿಗೆ ಒಂದೇ ನಂಬರ್ ಇರಲಿ. ಆಮೇಲೆ ಲ್ಯಾಬಿನಲ್ಲಿ ಆ ಸ್ಪಂಜಿನ ಸಾರ ಕ್ಯಾನ್ಸರ್ ಕೋಶದ ಮೇಲೆ ಕೆಲಸ ಮಾಡಿದೆ ಅಂತ ಗೊತ್ತಾದಾಗ, ಯಾವ ಜಾತಿ, ಎಲ್ಲಿಂದ ಬಂತು ಅಂತ ಹುಡುಕುವುದು ಆ ನಂಬರ್ ಹಿಡಿದೇ.